ಇನ್ನೂ ಸ್ವಲ್ಪ ಸದ್ದಿದೆ

“ಚಕ್ರ ಹಿಡಿದು ಎತ್ತಬೇಡಿ.”

ನಾಲ್ಕು ಜನ ಸೇರಿ ಹೊಲಿಗೆ ಯಂತ್ರವನ್ನು ಮೇಜಿನಿಂದ ಒಂದು ಗೇಣು ಮೇಲೆತ್ತಿದ್ದವರು ಹಾಗೇ ನಿಂತರು. ಹಿಂದಿನ ದಿನ ಬೆಳಿಗ್ಗೆ ಹೆಂಡತಿ ತೀರಿಕೊಂಡಾಗಿನಿಂದ ಗೋಡೆ ನೋಡುತ್ತ ಕುಳಿತಿದ್ದ ಮೇಸ್ತ್ರಿ ಮೊದಲ ಸಲ ಬಾಯಿ ತೆರೆದದ್ದು ಈ ಮಾತಿಗೆ.

“ಕುತ್ತಿಗೆ ಕೆಳಗೆ ಕೈ ಕೊಡಿ. ಚಕ್ರ ಹಿಡಿದರೆ ಒಳಗಿನ ದಂಡ ಬಾಗುತ್ತೆ.”

ಅವರು ಕೈ ಬದಲಿಸಿದರು. ಚರ್ಮ ಹೊಲಿಯುವ ಹಳೆಯ ಕಾರ್ಖಾನೆ ಯಂತ್ರ ಅದು. ವಯಸ್ಸಿನಲ್ಲಿ ಆ ಕೋಣೆಯಲ್ಲಿದ್ದ ಎಲ್ಲರಿಗಿಂತ ದೊಡ್ಡದು, ತೂಕದಲ್ಲಿ ಒಬ್ಬ ಗಟ್ಟಿ ಆಳಿನಷ್ಟು. ಒಂದು ಕಾಲದಲ್ಲಿ ರಿಪೇರಿಯ ಯಂತ್ರಗಳು ಬಾಗಿಲಾಚೆಗೂ ಸರದಿ ನಿಲ್ಲುತ್ತಿದ್ದ ಈ ಮುಂದಿನ ಕೋಣೆಯಲ್ಲಿ ಈಗ ಉಳಿದಿದ್ದದ್ದು ಇದೊಂದೇ. ಆದರೂ ಇದನ್ನು ಸರಿಸದೆ ದಾರಿ ಇರಲಿಲ್ಲ. ಸತ್ತವಳನ್ನು ಮಲಗಿಸಿದ್ದ ಒಳಕೋಣೆಯಲ್ಲಿ ಮೂರು ಜನ ನಿಂತರೆ ನಾಲ್ಕನೆಯವರು ಹೊರಗೇ ಇರಬೇಕು. ಮೇಜನ್ನು ಮೂಲೆಗೆ ತಳ್ಳಿ, ಅದರ ಮೇಲೆ ಯಂತ್ರವನ್ನು ಮತ್ತೆ ಕೂರಿಸಿ, ಖಾಲಿಯಾದ ಜಾಗಕ್ಕೆ ಮಂಚ ತಂದರು.

“ಹೆಂಡತಿನ ಎತ್ತೋಕೆ ಬಂದವರಿಗೆ ಮಿಷನ್ ಎತ್ತೋದು ಕಲಿಸ್ತಿದ್ದಾನೆ,” ಎಂದಳು ಮೇಸ್ತ್ರಿಯ ತಂಗಿ. ಪಿಸುಮಾತಿನಲ್ಲೇ ಹೇಳಿದಳು, ಆದರೆ ಅವಳ ಪಿಸುಮಾತು ಬೀದಿಯ ಕೊನೆಯವರೆಗೂ ಹೋಗುವಂಥದು. ಮೇಸ್ತ್ರಿ ತಿರುಗಿಯೂ ನೋಡಲಿಲ್ಲ.

ಮಗಳು ಮಂಚದ ಕಾಲ ಬಳಿ ನಿಂತಿದ್ದಳು. ನಿನ್ನೆ ಮಧ್ಯಾಹ್ನದ ಬಸ್ಸಿಗೆ ಬಂದವಳು ಇನ್ನೂ ಅತ್ತಿರಲಿಲ್ಲ. ಬಹಳ ಹೊತ್ತು ಮಡಿಸಿ ಕುಳಿತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವಳಿಗೆ ಮೈಯೆಲ್ಲ ಜೋಮು ಹಿಡಿದಿತ್ತು. ಚಾದರ ಎಳೆದು ಸರಿಮಾಡಿದಳು, ಕುರ್ಚಿಗಳನ್ನು ಹಾಕಿದಳು, ಬಂದವರ ಚಪ್ಪಲಿಗಳನ್ನು ಬಾಗಿಲ ಪಕ್ಕಕ್ಕೆ ಸರಿಸಿದಳು. ತಲೆಯಲ್ಲಿ ಒಂದೇ ಒಂದು ವಿಷಯ ಗಟ್ಟಿಯಾಗಿತ್ತು. ನಾಳೆ ಹೊರಡುವಾಗ ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಬೇಕು, ಈ ಅಂಗಡಿ ಮುಚ್ಚಬೇಕು.

“ಅಣ್ಣನಿಗೆ ಹೇಳಿದೆಯಾ?” ಎಂದಳು ಅತ್ತೆ, ಮೇಸ್ತ್ರಿಯ ಆ ತಂಗಿ.

“ಬೆಳಿಗ್ಗೆ ಹೇಳಿದೆ ಅತ್ತೆ. ಏನೂ ಅನ್ನಲಿಲ್ಲ.”

“ಏನೂ ಅನ್ನಲಿಲ್ಲ ಅಂದ್ರೆ ಬರ್ತಾನೆ ಅಂತ ಇಟ್ಕೊ. ಎಪ್ಪತ್ತು ದಾಟಿದೆ, ಒಂದು ಲೋಟ ನೀರು ಕಾಯಿಸೋಕೆ ಬರಲ್ಲ.”

“ಈ ಕಬ್ಬಿಣಾನೆಲ್ಲ ಏನು ಮಾಡೋದು?”

“ಗುಜರಿಯವನಿಗೆ ಹೇಳು. ಬಂದು ಎತ್ಕೊಂಡು ಹೋಗ್ತಾನೆ. ಚಕ್ರ ಹಿಡಿದೇ ಎತ್ತು ಅನ್ನು.”

ಯಂತ್ರ ಎತ್ತಿದ ನಾಲ್ವರಲ್ಲಿ ಅದರ ಒಡೆಯರೂ ಒಬ್ಬರು. ಬ್ಯಾಗು, ಸೂಟ್‌ಕೇಸು ಹೊಲಿಯುವವರು, ಮೂವತ್ತು ವರ್ಷದ ಗಿರಾಕಿ. ಎಲ್ಲರೂ ಅವರನ್ನು ಬ್ಯಾಗಿನವರು ಅಂತಲೇ ಕರೆಯುವುದು. ಕೈ ಒರೆಸಿಕೊಳ್ಳುತ್ತ ಮಗಳ ಹತ್ತಿರ ಬಂದರು.

“ನನ್ನ ಮಿಷನ್ನೇ ಅಡ್ಡ ನಿಂತಿತ್ತು ನೋಡಿ ತಂಗಿ. ಯಾವತ್ತೋ ತಗೊಂಡು ಹೋಗಬೇಕಿತ್ತು, ಮೂರು ತಿಂಗಳಾಯ್ತು. ಬಂದಾಗೆಲ್ಲ ಅಮ್ಮ, ಇನ್ನೂ ಸ್ವಲ್ಪ ಸದ್ದಿದೆ, ಇನ್ನೊಂದು ವಾರ ಬಿಡಿ ಅಂತಿದ್ರು. ಮನೇಲಿ ಇನ್ನೊಂದು ಮಿಷನ್ ಇದೆ, ನನಗೂ ಆತುರ ಇರಲಿಲ್ಲ.”

“ಏನು ಸದ್ದು?”

“ಒಳಗೆ ಕೆಳಗಿನ ದಾರ ಹಿಡಿದಿರೋ ಶಟಲ್ ಇದೆಯಲ್ಲ, ಅದರ ಮೊನೆ ಸೂಜಿಗೆ ತಾಗ್ತಿತ್ತು. ಟಿಕ್ ಟಿಕ್ ಅಂತ. ತಂದಾಗ ನನಗೂ ಕೇಳಿಸ್ತಿತ್ತು. ಆಮೇಲೆ ನನಗಂತೂ ಕೇಳಿಸಲಿಲ್ಲ. ಆದರೆ ಕಿವಿ ಮೇಸ್ತ್ರಿಗೆ ಕೇಳಿಸೋದು ನಮ್ಮಂಥವರಿಗೆ ಎಲ್ಲಿ ಕೇಳಿಸುತ್ತೆ?”

ಕಿವಿ ಮೇಸ್ತ್ರಿ ಎನ್ನುವುದು ಅಪ್ಪನ ಅಡ್ಡಹೆಸರು. ಬಿಚ್ಚಿ ನೋಡದೆ, ಸದ್ದಿನಿಂದಲೇ ಯಂತ್ರದ ಕಾಯಿಲೆ ಹೇಳುತ್ತಾನೆಂದು ಆ ಕಸುಬಿನವರೆಲ್ಲ ಸೇರಿ ಇಟ್ಟದ್ದು. ಅಮ್ಮನಿಗೂ ಒಂದು ಅಡ್ಡಹೆಸರಿತ್ತು. ಅದನ್ನು ಇಟ್ಟವಳು ಮಗಳೇ.

*

ಆಗ ಅವಳಿಗೆ ಹನ್ನೊಂದು ವರ್ಷ. ಬೂಟು ಹೊಲಿಯುವವರೊಬ್ಬರು ಬಂದು, “ದಾರ ಕಡಿದು ಹೋಗ್ತಿದೆ ಮೇಸ್ತ್ರಿ,” ಎಂದರು. ಅಪ್ಪನ ಎಡಗಡೆ ಸ್ಟೂಲಿನ ಮೇಲೆ ಕುಳಿತಿದ್ದ ಅಮ್ಮ ಅಪ್ಪನ ಕಡೆ ತಿರುಗಿ, “ದಾರ ಕಡಿದು ಹೋಗ್ತಿದೆಯಂತೆ,” ಎಂದಳು.

“ಎರಡು ದಿನದಿಂದ,” ಎಂದರು ಬೂಟಿನವರು.

“ಎರಡು ದಿನದಿಂದ ಅಂತೆ,” ಎಂದಳು ಅಮ್ಮ.

ಒಳಗೆ ಶಾಲೆಯ ಪುಸ್ತಕ ಹರಡಿಕೊಂಡಿದ್ದ ಮಗಳು, “ರಿಪೀಟಮ್ಮ,” ಎಂದಳು. ಬೂಟಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ನಕ್ಕಳು. ಅಪ್ಪ ಮಾತ್ರ ಏನಾಯಿತು ಎನ್ನುವ ಹಾಗೆ ಅಮ್ಮನ ಮುಖ ನೋಡಿದ.

ಹೆಸರು ಅಂಟಿಕೊಂಡಿತು. ನೆಂಟರ ಮನೆಯಲ್ಲಿ, ಊಟಕ್ಕೆ ಕುಳಿತಾಗ, ಯಾರು ಏನು ಅಂದರೂ ಅಮ್ಮ ಅದನ್ನೇ ಇನ್ನೊಂದು ಸಲ ಹೇಳುತ್ತಿದ್ದಳು, ಮಕ್ಕಳೆಲ್ಲ ಒಟ್ಟಿಗೆ “ರಿಪೀಟಮ್ಮ” ಎನ್ನುತ್ತಿದ್ದರು. ಅತ್ತೆಯಂತೂ ಎದುರಿಗೇ ಕರೆಯುತ್ತಿದ್ದಳು. ಅಮ್ಮನಿಗೆ ಸಿಟ್ಟು ಬಂದದ್ದನ್ನು ಯಾರೂ ಕಾಣಲಿಲ್ಲ. ಅಭ್ಯಾಸ ಬಿಟ್ಟದ್ದನ್ನೂ ಕಾಣಲಿಲ್ಲ.

ಮಗಳು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಫೋನು ಎತ್ತುವವಳು ಅಮ್ಮನೇ. “ಅಪ್ಪನಿಗೆ ಕೊಡು” ಎಂದರೆ, “ಕೈಯೆಲ್ಲ ಎಣ್ಣೆ ಮಾಡ್ಕೊಂಡಿದ್ದಾರೆ, ನಾನೇ ಹೇಳ್ತೀನಿ,” ಎನ್ನುವಳು. ಅಪ್ಪನ ಕೈಯ ಎಣ್ಣೆ ಇಪ್ಪತ್ತು ವರ್ಷವಾದರೂ ಹೋಗಲಿಲ್ಲ. ಈ ಕಡೆ ಮಗಳು ಹೇಳಿದ್ದನ್ನು ಆ ಕಡೆ ಅಮ್ಮ ಒಂದೊಂದೇ ಮಾತಾಗಿ ಒಪ್ಪಿಸುವುದು ಕೇಳಿಸುತ್ತಿತ್ತು. ನನ್ನ ದನಿ ಕೇಳುವಷ್ಟು ಆಸೆಯೂ ಈ ಮನುಷ್ಯನಿಗೆ ಇಲ್ಲವಲ್ಲ ಎಂದು ಮಗಳಿಗೆ ಬೇಸರವಾಗುತ್ತಿತ್ತು. ಆಮೇಲಾಮೇಲೆ ಕೊಡು ಅನ್ನುವುದನ್ನೇ ಬಿಟ್ಟಳು.

*

ಹತ್ತು ಗಂಟೆಯ ಹೊತ್ತಿಗೆ ಜನ ಬರತೊಡಗಿದರು. ಪಕ್ಕದ ಬೀದಿಯವರು, ಬೂಟಿನ ಅಂಗಡಿಯವರು, ದಾರ ಮಾರುವವರು. ಅಪ್ಪ ಮಂಚದ ತಲೆಯ ಕಡೆ ಕುರ್ಚಿಯಲ್ಲಿದ್ದ. ಬಂದವರು ಬಗ್ಗಿ ಏನೋ ಒಂದು ಒಳ್ಳೆಯ ಮಾತು ಹೇಳುವರು. ಅಪ್ಪ ಅವರನ್ನು ಒಂದು ಕ್ಷಣ ನೋಡಿ ಎಡಕ್ಕೆ ತಿರುಗುವನು. ಎಡಗಡೆ ಗೋಡೆ ಇತ್ತು. ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ ತಲೆ ತಗ್ಗಿಸುವನು. ಮಗಳು ಲೆಕ್ಕ ಇಡಲಿಲ್ಲ, ಆದರೆ ಎಷ್ಟು ಜನ ಬಂದರೋ ಅಷ್ಟು ಸಲವೂ ಹಾಗೇ ಆಯಿತು.

“ಕಲ್ಲಾಗಿಬಿಟ್ಟಿದ್ದಾರೆ ಪಾಪ,” ಎಂದಳು ಪಕ್ಕದ ಮನೆಯಾಕೆ.

“ಆಗೋದೇನು, ಮೊದಲಿಂದಲೂ ಕಲ್ಲೇ,” ಎಂದಳು ಅತ್ತೆ. “ಅತ್ತಿಗೆ ಜೀವ ಸವೆಸಿದಳು ಇವನ ಜೊತೆ. ಒಂದು ಹನಿ ನೀರು ಬಂತಾ ನೋಡು ಕಣ್ಣಲ್ಲಿ.”

“ನನ್ನ ಕಣ್ಣಲ್ಲೂ ಬಂದಿಲ್ಲ ಅತ್ತೆ,” ಎಂದಳು ಮಗಳು.

“ನೀನು ಬಿಡು. ಅವನ ಮಗಳೇ ತಾನೆ.”

ವ್ಯಾನು ಬಂದು ಕಿಟಕಿಯ ಪಕ್ಕದಲ್ಲೇ ಹಾರ್ನ್ ಹೊಡೆಯಿತು. ಕೋಣೆಯಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಅಪ್ಪ ಮೂಲೆಯ ಯಂತ್ರವನ್ನು ನೋಡುತ್ತ ಹಾಗೇ ಕುಳಿತಿದ್ದ. ನಾಲ್ಕು ಜನ ಬಂದು ಮಂಚಕ್ಕೆ ಕೈ ಹಾಕಿದಾಗ ಮಾತ್ರ ಎದ್ದು ನಿಂತ.

*

ವ್ಯಾನಿನಲ್ಲಿ ಕುಳಿತಾಗ ಮಗಳಿಗೆ ಬೇರೊಂದು ಪ್ರಯಾಣ ನೆನಪಾಯಿತು. ಅವಳು ರಜೆಗೆ ಬಂದಿದ್ದಾಗ ಸೂಟ್‌ಕೇಸ್ ಕಾರ್ಖಾನೆಯೊಂದು ಬಾಗಿಲು ಹಾಕಿತ್ತು. ಹಳೆಯ ಯಂತ್ರಗಳನ್ನು ಮಾರುತ್ತಾರೆಂದು ಗೊತ್ತಾಗಿ ಅಪ್ಪ ಹೊರಟ, ಜೊತೆಗೆ ಅಮ್ಮ, ಸುಮ್ಮನೆ ಇವಳೂ. ಉದ್ದನೆಯ ಹಜಾರ, ಧೂಳು ಹೊದ್ದ ಯಂತ್ರಗಳ ಎರಡು ಸಾಲು. ಮಾರುವವರು ಒಂದೊಂದನ್ನೇ ಓಡಿಸಿ ತೋರಿಸಿದರು. ಅಪ್ಪ ಬಲ ಅಂಗೈಯನ್ನು ಯಂತ್ರದ ನೆತ್ತಿಯ ಮೇಲಿಟ್ಟು ನಿಂತ. ಎಡಗೈಯ ಮಣಿಕಟ್ಟಿನ ಮೇಲೆ ಅಮ್ಮನ ತೋರುಬೆರಳು ಏಳುತ್ತ ಬೀಳುತ್ತ ಇತ್ತು.

“ಈ ವಯಸ್ಸಲ್ಲೂ ಕೈ ಬಿಡಲ್ಲ ನೋಡಿ,” ಎಂದರು ಮಾರುವವರು. ಮಗಳಿಗೆ ನಾಚಿಕೆಯಾಯಿತು.

ಅಪ್ಪ ಬಣ್ಣ ಹೊಳೆಯುವ ಮೂರನ್ನು ಬೇಡವೆಂದ. ಯಾರೂ ತಿರುಗಿ ನೋಡದ, ತುಕ್ಕು ಹಿಡಿದ ನಾಲ್ಕನೆಯದನ್ನು ಕೊಂಡ. ಅದು ಇವತ್ತಿಗೂ ಎಲ್ಲೋ ಕುದುರೆಯ ಜೀನು ಹೊಲಿಯುತ್ತಿದೆಯಂತೆ.

“ಎಲ್ಲರ ಎದುರಿಗೆ ಯಾಕಮ್ಮ ಕೈ ಹಿಡ್ಕೊಳ್ತೀಯ?” ಎಂದಳು ಮಗಳು ಬರುವ ದಾರಿಯಲ್ಲಿ.

“ಹಿಡ್ಕೊಂಡಿರಲಿಲ್ಲ. ಸುಮ್ನೆ ಇಟ್ಟಿದ್ದೆ,” ಎಂದಳು ಅಮ್ಮ.

ಮನೆಯಲ್ಲೂ ಹಾಗೆಯೇ. ಅಮ್ಮ ಸ್ಟೂಲಿನ ಮೇಲೆ ಕುಳಿತು ಪೆಡಲು ತುಳಿಯುವಳು, ಅವಳ ಬೆರಳು ಅಪ್ಪನ ಮಣಿಕಟ್ಟನ್ನು ತಟ್ಟುತ್ತಿರುವುದು, ಅಪ್ಪ ಸ್ಕ್ರೂ ತಿರುಗಿಸುತ್ತಿರುವನು. ಒಂದು ಗಳಿಗೆಯಲ್ಲಿ ಬೆರಳು ಮೇಲೆದ್ದದ್ದು ಕೆಳಗಿಳಿಯುವುದಿಲ್ಲ. ಆಗ ಅಪ್ಪ ಕೈ ಒರೆಸಿಕೊಳ್ಳುವನು, ಯಂತ್ರ ಮುಗಿಯಿತು. ಹೊಲಿದು ನೋಡಿದ ಚರ್ಮದ ಪಟ್ಟಿಯನ್ನು ಮಾತ್ರ ತೆಗೆಯುವ ಹಾಗಿಲ್ಲ. ಸೂಜಿಯ ಬಳಿ ಒತ್ತಿ ಹಿಡಿಯುವ ಯಂತ್ರದ ಪಾದದ ಕೆಳಗೆ ಯಾವಾಗಲೂ ಒಂದು ತುಂಡು ಚರ್ಮ ಇರಬೇಕು, ಕಬ್ಬಿಣದ ಮೇಲೆ ಕಬ್ಬಿಣ ಕೂತರೆ ಎರಡೂ ಸವೆಯುತ್ತವೆ ಎನ್ನುವುದು ಅಪ್ಪನ ಕಟ್ಟುನಿಟ್ಟು. ಹೊಸ ಪಟ್ಟಿ ಇಟ್ಟ ಮೇಲೆಯೇ ಹಳೆಯದನ್ನು ತೆಗೆದು, ಹಿಂಬದಿಗೆ ತಾರೀಖು ಬರೆದು ಗೋಡೆಯ ಮೊಳೆಗೆ ಸಿಕ್ಕಿಸುವನು.

ಗಂಡನ ಕೈ ಮೇಲೆ ಕೈ ಇಟ್ಟು ಕೂರುವುದೇ ಅಮ್ಮನ ಕೆಲಸ ಎಂದು ಮಗಳು ತಿಳಿದಿದ್ದಳು. ಎಲ್ಲರೂ ಹಾಗೇ ತಿಳಿದಿದ್ದರು.

*

ಸ್ಮಶಾನದಲ್ಲಿ ಗುಂಡಿ ಆಗಲೇ ತೋಡಿಯಾಗಿತ್ತು. ಇಳಿಸಿದ್ದಾಯಿತು. ತೋಡಿದವರು ಸಲಿಕೆ ಊರಿ ನಿಂತು, “ಯಜಮಾನರು ಮೊದಲು ಮಣ್ಣು ಹಾಕಬೇಕು,” ಎಂದರು.

ಅಪ್ಪ ಎಡಕ್ಕೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ.

“ಯಜಮಾನರು ಮೊದಲು ಹಾಕಬೇಕು,” ಎಂದರು ಅವರು ಇನ್ನೂ ಜೋರಾಗಿ.

“ಅಣ್ಣ, ನಿನಗೇ ಹೇಳ್ತಿರೋದು,” ಎಂದಳು ಅತ್ತೆ.

ಅಪ್ಪ ಮತ್ತೆ ಎಡಕ್ಕೆ ತಿರುಗಿದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆ ಹೊತ್ತಿಗೆ ಹಿಂದಿನಿಂದ ಯಾರೋ ಜಾಗ ಕೇಳಿದರೆಂದು ಮಗಳು ಮಣ್ಣಿನ ಗುಡ್ಡೆ ಸುತ್ತಿ ಅಪ್ಪನ ಎಡಪಕ್ಕಕ್ಕೆ ಬಂದು ನಿಂತಳು. ಏನನ್ನೂ ಯೋಚಿಸಿ ಬಂದವಳಲ್ಲ. ಬಾಯಿಂದ ಮಾತು ತಾನೇ ಹೊರಟಿತು.

“ನೀನು ಮೊದಲು ಮಣ್ಣು ಹಾಕಬೇಕಂತೆ.”

ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ. “ಹೂಂ,” ಎಂದು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ.

ಬ್ಯಾಗಿನವರು ಬಂದು, “ಬಿಸಿಲಿದೆ, ನೆರಳಿಗೆ ಬನ್ನಿ ಮೇಸ್ತ್ರಿ,” ಎಂದರು. ಅಪ್ಪ ಎಡಕ್ಕೆ ತಿರುಗಿ ಮಗಳ ಮುಖ ನೋಡಿದ.

“ನೆರಳಿಗೆ ಬಾ ಅಂತಿದ್ದಾರೆ.”

“ಇಲ್ಲೇ ಇರ್ತೀನಿ,” ಎಂದ ಅಪ್ಪ.

ಬ್ಯಾಗಿನವರು ಹೋದ ಮೇಲೆ ಮಗಳು ದನಿ ಹೊರಡಿಸದೆ, ತುಟಿಯನ್ನಷ್ಟೇ ಆಡಿಸಿದಳು. ನೀರು ಬೇಕಾ?

“ಬೇಡ,” ಎಂದ ಅಪ್ಪ.

ಗುಂಡಿಗೆ ಮಣ್ಣು ಬೀಳುತ್ತಿತ್ತು. ಮಗಳ ಬಾಯಿಗೆ ಅವಳೇ ಇಟ್ಟ ಆ ಹೆಸರು ಬಂದು ನಿಂತಿತ್ತು. ನುಂಗಲಾರದೆ ಉಗುಳಲಾರದೆ ನಿಂತಳು. ಆಮೇಲೆ ಮತ್ತೆ ತುಟಿ ಆಡಿಸಿದಳು. ಯಾವಾಗಿನಿಂದ?

“ಮೊದಲು ದುಡೀತಿದ್ದ ಕಾರ್ಖಾನೆ ಬಿಟ್ಟಾಗಲೇ ಕಿವಿ ಅರ್ಧ ಹೋಗಿತ್ತು. ಇನ್ನೂರು ಮಿಷನ್ ಮಧ್ಯೆ ಹದಿನಾರು ವರ್ಷ ಅಂದ್ರೆ ಸುಮ್ನೆನಾ? ಉಳಿದರ್ಧ ನಿಧಾನಕ್ಕೆ ಹೋಯ್ತು.” ಅಪ್ಪ ಗುಂಡಿಯ ಕಡೆ ನೋಡಿದ. “ಯಾರಿಗೂ ಹೇಳಬೇಡ. ಕಿವಿ ಮೇಸ್ತ್ರಿ ಅಂತ ನಂಬಿ ಬರ್ತಾರೆ ಜನ. ಹೇಳಬಾರದು ಅಂತ ಅವಳದೇ ಆರ್ಡರು.”

*

ಮೂರು ಗಂಟೆಗೆಲ್ಲ ಜನ ಚೆದುರಿದ್ದರು. ಅತ್ತೆ ಅಡಿಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಬ್ಯಾಗಿನವರು ಇನ್ನಿಬ್ಬರ ಜೊತೆ ಮಂಚವನ್ನು ಒಳಗಿಟ್ಟು, ಯಂತ್ರವನ್ನು ಮೊದಲಿದ್ದ ಜಾಗಕ್ಕೇ ತಂದು ಕೂರಿಸಿದರು. ಈ ಸಲ ಯಾರೂ ಚಕ್ರ ಮುಟ್ಟಲಿಲ್ಲ. ಅಪ್ಪ ಬೆಲ್ಟು ಏರಿಸಿದ.

ಮಗಳು ಅವನ ಎದುರಿಗೆ ಬಂದು ನಿಂತಳು. “ನಾಳೆ ನನ್ನ ಜೊತೆ ಬಾ. ಅಲ್ಲೇ ಇರು.”

“ಬೆಳಿಗ್ಗೆ ಹೇಳಿದ್ದು ಅದೇನಾ?”

“ಅದೇ.”

ಅಪ್ಪ ಬಹಳ ಹೊತ್ತು ಬೆಲ್ಟು ಸವರಿದ. “ಬರ್ತೀನಿ. ಇಲ್ಲಿ ಇನ್ನೇನಿದೆ? ಈ ಒಂದು ಮಿಷನ್ ಕೈಯಲ್ಲಿದೆ, ಅದರ ಟಿಕ್ ಹೋಗಲಿ. ಅರ್ಧ ಮಾಡಿ ಬಿಟ್ಟು ಬರಲ್ಲ. ಅದು ಮುಗೀತು ಅಂದ್ರೆ ನಾನೂ ಮುಗಿಸಿದ ಹಾಗೆ. ಎಲ್ಲಿಗೆ ಕರೆದರೂ ಬರ್ತೀನಿ, ಒಂದು ಮೂಲೇಲಿ ಕೂರಿಸು.”

“ಒಪ್ಪಿದನಾ?” ಎಂದಳು ಅತ್ತೆ ಒಳಗಿಂದ. “ಬಸ್ಸಿಗೆ ಎರಡು ಸೀಟು ಹೇಳಿಬಿಡಲಾ?”

ಅಪ್ಪ ಸ್ಟೂಲನ್ನು ತೋರಿಸಿ ದನಿ ತಗ್ಗಿಸಿದ. “ಕೂತ್ಕೊ. ನಿಧಾನಕ್ಕೆ ತುಳಿ. ಟಿಕ್ ಅಂದಾಗೆಲ್ಲ ಬೆರಳು ಇಡು. ಇಲ್ಲ ಅಂದ್ರೆ ಇಡಬೇಡ, ಅಷ್ಟೇ.”

ಅವಳು ಕುಳಿತಳು. ಎದುರಿನ ಮೊಳೆಗೆ ಈ ಯಂತ್ರದ ಪಟ್ಟಿಗಳು ಜೋತುಬಿದ್ದಿದ್ದವು, ವಾರಕ್ಕೊಂದರಂತೆ ಹನ್ನೆರಡು. ಒಂದನ್ನು ತಿರುಗಿಸಿ ನೋಡಿದಳು. ಅಪ್ಪನ ದಪ್ಪ ಅಕ್ಷರದಲ್ಲಿ ತಾರೀಖು, ಅದರ ಕೆಳಗೆ ‘ಸದ್ದು ಇದೆ’. ಇನ್ನೊಂದರಲ್ಲೂ ‘ಸದ್ದು ಇದೆ’. ಹನ್ನೆರಡರಲ್ಲೂ ಅದೇ. ಮುಂಬದಿಯಲ್ಲಿ ಹೊಲಿಗೆ ಮಾತ್ರ ಅಳತೆಪಟ್ಟಿ ಇಟ್ಟು ಎಳೆದಂತಿತ್ತು.

ಅಪ್ಪ ಹೊಸ ಪಟ್ಟಿ ಇಟ್ಟು ಪಾದ ಇಳಿಸಿದ. ಬಲಗೈಯಲ್ಲಿ ಸ್ಕ್ರೂಡ್ರೈವರು ಹಿಡಿದು, ಅಂಗಿಯ ತೋಳು ಮಡಚಿ ಎಡಗೈಯನ್ನು ಮೇಜಿನ ಮೇಲೆ ಅವಳ ಮುಂದೆ ಚಾಚಿದ. ಅವಳು ಬೆರಳನ್ನು ಮಣಿಕಟ್ಟಿನ ಮೇಲೆತ್ತಿ ಹಿಡಿದು ತುಳಿದಳು.

ಬೆಲ್ಟು ಸರಿಯುವ ಸದ್ದು ಬಂತು. ಸೂಜಿ ಚರ್ಮಕ್ಕಿಳಿಯುವ ಮೆತ್ತನೆಯ ಸದ್ದು ಬಂತು. ಚಕ್ರ ಸುತ್ತುವ ಸದ್ದು ಬಂತು. ಅವಳು ಉಸಿರು ಹಿಡಿದು ಕಾದಳು. ನಿಧಾನ ಮಾಡಿದಳು, ಜೋರು ಮಾಡಿದಳು, ಯಂತ್ರದ ಕುತ್ತಿಗೆಗೆ ಕಿವಿ ಹಚ್ಚಿದಳು. ಟಿಕ್ ಇರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಬ್ಯಾಗಿನವರನ್ನು ಕೇಳಿದಳು. “ನಿಮಗೇನಾದ್ರೂ ಕೇಳಿಸ್ತಿದೆಯಾ?”

“ನನಗೇನೂ ಇಲ್ಲಪ್ಪ. ಅದಕ್ಕೆ ಮೇಸ್ತ್ರಿ ಕಿವೀನೇ ಬೇಕು.”

ಇನ್ನೂ ಸ್ವಲ್ಪ ಸದ್ದಿದೆ, ಇನ್ನೊಂದು ವಾರ ಬಿಡಿ. ಅಮ್ಮ ಹಾಗನ್ನುತ್ತ ಬೆರಳು ಇಟ್ಟಿದ್ದಾಳೆ, ಹನ್ನೆರಡು ವಾರ. ಸದ್ದಿಲ್ಲದ ಯಂತ್ರದ ಮುಂದೆ ಕುಳಿತು. ಬಾಗಿಲಲ್ಲಿ ಮುಂದಿನ ಯಂತ್ರ ಇಲ್ಲದ್ದನ್ನು ನೋಡಿಕೊಂಡು. ಮಗಳಿಗೆ ಕಾಲಿನ ಜೋಮು ಬಿಡುವಾಗ ಆಗುವ ಹಾಗೆ ಮೈತುಂಬ ಚುಚ್ಚತೊಡಗಿತು. ಕಣ್ಣು ತುಂಬಿ ಸೂಜಿ ಕಾಣದಾಯಿತು. ಆದರೂ ತುಳಿಯುವುದನ್ನು ನಿಲ್ಲಿಸಲಿಲ್ಲ.

ಅಪ್ಪ ಯಂತ್ರವನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನೂ ನೋಡುತ್ತಿರಲಿಲ್ಲ. ಮೇಲೆತ್ತಿದ ಬೆರಳನ್ನೇ ನೋಡುತ್ತ ಕಾಯುತ್ತಿದ್ದ.

“ಎರಡು ಸೀಟಾ?” ಎಂದಳು ಅತ್ತೆ ಒಳಗಿಂದ.

ಮಗಳು ಬೆರಳನ್ನು ಅಪ್ಪನ ಮಣಿಕಟ್ಟಿನ ಮೇಲೆ ಇಳಿಸಿದಳು. ಎತ್ತಿ, ಇನ್ನೊಮ್ಮೆ ಇಳಿಸಿದಳು.

“ಇದೆಯಲ್ಲ,” ಎಂದ ಅಪ್ಪ. “ನಿಮ್ಮಮ್ಮನೂ ಅದೇ ಅಂತಿದ್ದಳು.”

“ಇನ್ನೊಂದು ವಾರ ಬಿಡಿ ಅತ್ತೆ,” ಎಂದಳು ಮಗಳು.

ಅಪ್ಪ ಬೇರೊಂದು ಪಟ್ಟಿ ಹುಡುಕಿ ಪಾದದ ಕೆಳಗಿಟ್ಟು, ಈಗ ಹೊಲಿದದ್ದನ್ನು ಎಳೆದುಕೊಂಡ. ತಿರುಗಿಸಿ ಇವತ್ತಿನ ತಾರೀಖು ಬರೆದ. ಅದರ ಕೆಳಗೆ ಒತ್ತಿ ಒತ್ತಿ ‘ಸದ್ದು ಇದೆ’ ಎಂದು ಬರೆದು, ಮೊಳೆಗೆ ಹಾಕಲು ಅವಳ ಕೈಗೆ ಕೊಟ್ಟ.